ಮಾರಿ ಕಣಿವೆ: ನೂರು ದಾಟಿದ ಕಟ್ಟೆಗೂ ಆರೈಕೆ ಬೇಕು



ನಮ್ಮ ಬಾಗೂರು ಹೊಸದುರ್ಗ ತಾಲ್ಲೂಕಿನ ಊರು. ನಮ್ಮ ತಾಲ್ಲೂಕಿನ ನದಿ ವೇದಾವತಿ. ಈ ನದಿಗೆ ಅಡ್ಡಲಾಗಿ ಒಂದು ದೊಡ್ಡ ಕಟ್ಟೆ ಇದೆ. ಅದು ಇರುವುದು ಪಕ್ಕದ ಹಿರಿಯೂರು ತಾಲ್ಲೂಕಿನಲ್ಲಿ. ಪುಸ್ತಕದಲ್ಲಿ ಅದರ ಹೆಸರು ವಾಣಿವಿಲಾಸ ಸಾಗರ. ನಾವೆಲ್ಲ ಕರೆಯುವುದು ಮಾರಿ ಕಣಿವೆ ಡ್ಯಾಮು ಅಂತ.

ಕಟ್ಟೆ ಹಿರಿಯೂರು ತಾಲ್ಲೂಕಿನದು, ನಮಗೇನು ಸಂಬಂಧ ಅನ್ನಬಹುದು. ಸಂಬಂಧ ಐತೆ. ಕಟ್ಟೆಯ ಹಿಂದೆ ನಿಂತ ನೀರು ನಮ್ಮ ತಾಲ್ಲೂಕಿನ ಊರುಗಳ ತನಕ ಬರುತ್ತದೆ. ಅದಕ್ಕೆ ಹಿನ್ನೀರು ಎನ್ನುತ್ತೇವೆ. ಕಟ್ಟೆಯ ಕೆಳಗೆ ಹಿರಿಯೂರಿನವರು ಇದ್ದಾರೆ. ಕಟ್ಟೆಯ ಮೇಲೆ ನಾವು ಇದ್ದೇವೆ. ಒಂದೇ ಕಟ್ಟೆ, ಎರಡೂ ಕಡೆ ಜನ.

ಈ ಕಟ್ಟೆಗೆ ಈಗ ನೂರು ವರ್ಷ ದಾಟಿದೆ. ಅದು ಹೇಗೆ ಹುಟ್ಟಿತು, ಹೇಗೆ ನಿಂತಿದೆ, ವಯಸ್ಸಾದ ಕಟ್ಟೆಗೆ ಏನು ಆರೈಕೆ ಬೇಕು ಎಂಬುದನ್ನು ನಾವು ಇಲ್ಲಿ ತಿಳಿಯೋಣ.

ನದಿ ಎಲ್ಲಿಂದ ಬರುತ್ತದೆ?

ಚಿಕ್ಕಮಗಳೂರು ಜಿಲ್ಲೆಯಲ್ಲಿ ಬಾಬಾಬುಡನ್ ಬೆಟ್ಟಗಳಿವೆ. ಅಲ್ಲಿಂದ ಎರಡು ಹೊಳೆಗಳು ಇಳಿಯುತ್ತವೆ. ಒಂದು ವೇದಾ, ಇನ್ನೊಂದು ಆವತಿ. ವೇದಾ ಹೊಳೆ ಸಖರಾಯಪಟ್ಟಣದ ಅಯ್ಯನಕೆರೆಯನ್ನು ತುಂಬಿಸುತ್ತದೆ. ಆವತಿ ಹೊಳೆ ಮದಗದ ಕೆರೆಯನ್ನು ತುಂಬಿಸುತ್ತದೆ. ಕಡೂರಿನ ಹತ್ತಿರ ಎರಡೂ ಕೂಡುತ್ತವೆ. ಎರಡು ಹೆಸರೂ ಕೂಡಿ ವೇದಾವತಿ ಆಗುತ್ತದೆ.

ನದಿ ಹೊಸದುರ್ಗ ತಾಲ್ಲೂಕನ್ನು ಹಾದು ಹಿರಿಯೂರಿನ ಕಡೆ ಹೋಗುತ್ತದೆ. ಅಲ್ಲಿ ಎರಡು ಗುಡ್ಡಗಳ ನಡುವೆ ಒಂದು ಕಿರಿದಾದ ಕಣಿವೆ ಇದೆ. ನದಿ ಆ ಸಂದಿನಲ್ಲೇ ನುಸುಳಬೇಕು. ಅಲ್ಲಿ ಮಾರಮ್ಮನ ಗುಡಿ ಇದೆ. ಆಕೆಯನ್ನು ಕಣಿವೆ ಮಾರಮ್ಮ ಎಂದು ಕರೆಯುತ್ತಾರೆ. ಹಾಗಾಗಿ ಜಾಗದ ಹೆಸರು ಮಾರಿ ಕಣಿವೆ.

ಕಟ್ಟೆಗೆ ಇಂಥ ಜಾಗವೇ ಸರಿ. ಗುಡ್ಡ ಎರಡೂ ಕಡೆ ಗೋಡೆಯಂತೆ ನಿಂತಿವೆ. ನಡುವಿನ ಸಂದನ್ನು ಮುಚ್ಚಿದರೆ ಹಿಂದೆ ದೊಡ್ಡ ಕೆರೆಯೇ ಆಗುತ್ತದೆ.

ಕಟ್ಟೆ ಕಟ್ಟಿದ ಕಾಲ

ನಮ್ಮದು ಮಳೆ ಕಡಿಮೆ ಇರುವ ಸೀಮೆ. 1876ರಿಂದ 1878ರ ತನಕ ಮೈಸೂರು ಸಂಸ್ಥಾನದಲ್ಲಿ ಘೋರ ಬರ ಬಂತು. ಧಾತು, ಈಶ್ವರ ಸಂವತ್ಸರಗಳ ಬರ ಅದು. ಲಕ್ಷಗಟ್ಟಲೆ ಜನ ಹಸಿವಿನಿಂದ, ರೋಗದಿಂದ ಸತ್ತರು. ಅದಾಗಿ ಇಪ್ಪತ್ತು ವರ್ಷಕ್ಕೆ, 1898ರಲ್ಲಿ, ಮಾರಿ ಕಣಿವೆಯಲ್ಲಿ ಕೆಲಸ ಶುರುವಾಯಿತು. 1907ರಲ್ಲಿ ಮುಗಿಯಿತು.

ಕೆಲಸ ಶುರುವಾದಾಗ ಸಂಸ್ಥಾನವನ್ನು ನಡೆಸುತ್ತಿದ್ದವರು ಒಬ್ಬ ಹೆಣ್ಣುಮಗಳು. ಅವರು ಮಹಾರಾಣಿ ಕೆಂಪನಂಜಮ್ಮಣ್ಣಿ. ಗಂಡ ಚಾಮರಾಜ ಒಡೆಯರು 1894ರಲ್ಲಿ ತೀರಿಕೊಂಡರು. ಮಗ ಕೃಷ್ಣರಾಜ ಒಡೆಯರು ಇನ್ನೂ ಹುಡುಗ. ಮಗ ದೊಡ್ಡವನಾಗುವ ತನಕ, ಅಂದರೆ 1902ರವರೆಗೆ, ತಾಯಿಯೇ ಆಡಳಿತ ನಡೆಸಿದರು. ಆಗ ದಿವಾನರಾಗಿದ್ದವರು ಶೇಷಾದ್ರಿ ಅಯ್ಯರ್. ಮಹಾರಾಣಿಯವರಿಗೆ ವಾಣಿವಿಲಾಸ ಸನ್ನಿಧಾನ ಎಂಬ ಬಿರುದು ಇತ್ತು. ಅದರಿಂದಲೇ ಕಟ್ಟೆಗೆ ವಾಣಿವಿಲಾಸ ಸಾಗರ ಎಂಬ ಹೆಸರು ಬಂತು.

ಕಟ್ಟೆಯ ಎತ್ತರ ನದಿಯ ತಳದಿಂದ 142 ಅಡಿ. ಹತ್ತು ಅಡಿಗೆ ಒಂದು ಮಹಡಿ ಅಂದರೆ ಹದಿನಾಲ್ಕು ಮಹಡಿ ಎತ್ತರ. ಉದ್ದ ಸುಮಾರು 1,330 ಅಡಿ. ಕನ್ನಂಬಾಡಿ ಕಟ್ಟೆ ಶುರುವಾದದ್ದು 1911ರಲ್ಲಿ. ಅಂದರೆ ನಮ್ಮ ಮಾರಿ ಕಣಿವೆ ಕನ್ನಂಬಾಡಿಗೂ ಅಕ್ಕ.

ಎಷ್ಟು ನೀರು ಹಿಡಿಯುತ್ತದೆ?

ಪೇಪರಿನಲ್ಲಿ "ಟಿಎಂಸಿ" ಎಂಬ ಮಾತು ಬರುತ್ತದೆ. ಒಂದು ಟಿಎಂಸಿ ಅಂದರೆ 100 ಕೋಟಿ ಘನ ಅಡಿ ನೀರು. ಘನ ಅಡಿ ಅಂದರೆ ಏನು? ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಡಬ್ಬಿಯನ್ನು ನೆನೆಯಿರಿ. ಅದರಲ್ಲಿ ಸುಮಾರು 28 ಲೀಟರ್ ನೀರು ಹಿಡಿಯುತ್ತದೆ. 14 ಲೀಟರಿನ ಎರಡು ಕೊಡ ಅಂದುಕೊಳ್ಳಿ. ಹಾಗಾದರೆ ಒಂದು ಟಿಎಂಸಿಗೆ 200 ಕೋಟಿ ಕೊಡ!

ಮಾರಿ ಕಣಿವೆ ತುಂಬಿದರೆ ಸುಮಾರು 30 ಟಿಎಂಸಿ. ಲೆಕ್ಕ ನೀವೇ ಮಾಡಿ ನೋಡಿ. 6,000 ಕೋಟಿ ಕೊಡ ಆಗುತ್ತದೆ. ಅಷ್ಟು ನೀರನ್ನು ಒಂದು ಗೋಡೆ ತಡೆದು ನಿಲ್ಲಿಸಿದೆ.

ಈ ನೀರು ಎಡದಂಡೆ, ಬಲದಂಡೆ ನಾಲೆಗಳಲ್ಲಿ ಹಿರಿಯೂರು ಸೀಮೆಯ ಹೊಲ ತೋಟಗಳಿಗೆ ಹೋಗುತ್ತದೆ. ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆ ಪಟ್ಟಣಗಳಿಗೆ ಕುಡಿಯುವ ನೀರೂ ಇಲ್ಲಿಂದಲೇ ಸಿಗುತ್ತದೆ.

ಗೋಡೆ ಹೇಗೆ ನಿಂತಿದೆ?

ಒಂದು ಹಳೆ ಡಬ್ಬಕ್ಕೆ ಮೇಲೊಂದು, ಕೆಳಗೊಂದು ತೂತು ಮಾಡಿ ನೀರು ತುಂಬಿ. ಮೇಲಿನ ತೂತಿನಿಂದ ನೀರು ಮೆಲ್ಲಗೆ ಬರುತ್ತದೆ. ಕೆಳಗಿನ ತೂತಿನಿಂದ ರಭಸವಾಗಿ ಚಿಮ್ಮುತ್ತದೆ. ಆಳ ಹೆಚ್ಚಿದಂತೆ ನೀರು ತಳ್ಳುವ ಬಲವೂ ಹೆಚ್ಚು. ಅದಕ್ಕೇ ಕಟ್ಟೆಯ ಬುಡ ಬಹಳ ದಪ್ಪ. ಮೇಲೆ ಹೋದಂತೆ ಸಣ್ಣ.

ಈ ಕಟ್ಟೆ ನಿಂತಿರುವುದು ತನ್ನ ಭಾರದಿಂದಲೇ. ತುಂಬಿದ ರಾಗಿ ಮೂಟೆಯನ್ನು ತಳ್ಳಿದರೆ ಅಲುಗುವುದಿಲ್ಲ. ಖಾಲಿ ಚೀಲವನ್ನು ಗಾಳಿಯೇ ಒಯ್ಯುತ್ತದೆ. ಕಟ್ಟೆಯ ಗುಟ್ಟೂ ಇದೇ. ನೀರು ಎಷ್ಟು ತಳ್ಳಿದರೂ ಕಲ್ಲಿನ ಭಾರ ಅದಕ್ಕಿಂತ ಹೆಚ್ಚಿರಬೇಕು.

ಕಲ್ಲಿಗೆ ಕಲ್ಲು ಕೂಡಿಸಿದ್ದು ಯಾವುದು? ಆಗ ನಮ್ಮಲ್ಲಿ ಸಿಮೆಂಟು ಹೆಚ್ಚು ಬಳಕೆಗೆ ಬಂದಿರಲಿಲ್ಲ. ಸುಣ್ಣಕ್ಕೆ ಸುರ್ಕಿ ಬೆರೆಸಿ, ಅರೆದು, ಗಾರೆ ಮಾಡುತ್ತಿದ್ದರು. ಸುರ್ಕಿ ಅಂದರೆ ಸುಟ್ಟ ಇಟ್ಟಿಗೆಯ ಪುಡಿ. ಈ ಗಾರೆ ನಿಧಾನವಾಗಿ ಗಟ್ಟಿಯಾಗುತ್ತದೆ, ಬಹುಕಾಲ ಬಾಳುತ್ತದೆ.

ಬರ ಮತ್ತು ಕೋಡಿ

ಕೆರೆಗೆ ಕೋಡಿ ಇರುವಂತೆ ಈ ಕಟ್ಟೆಗೂ ಕೋಡಿ ಇದೆ. ನೀರು 130 ಅಡಿ ಮುಟ್ಟಿದರೆ ತುಂಬಿತು ಎಂದು ಲೆಕ್ಕ. ಅದಕ್ಕಿಂತ ಹೆಚ್ಚಾದ ನೀರು ಕೋಡಿಯ ಮೇಲೆ ತಾನೇ ಹರಿದು ಹೋಗುತ್ತದೆ.

1933ರಲ್ಲಿ ಕೋಡಿ ಬಿತ್ತು. ಆಮೇಲೆ 89 ವರ್ಷ ಕೋಡಿ ಬೀಳಲಿಲ್ಲ. ಎಷ್ಟೋ ಜನ ಹುಟ್ಟಿ, ಮದುವೆಯಾಗಿ, ಮೊಮ್ಮಕ್ಕಳನ್ನು ಕಂಡು, ತೀರಿಯೂ ಹೋದರು. ಕೋಡಿ ನೋಡಲಿಲ್ಲ. 2010ರ ನಂತರದ ಬರಗಳಲ್ಲಂತೂ ನೀರು ತಳದ ಕಡೆಗೇ ಇಳಿಯಿತು. ಇನ್ನು ಈ ಡ್ಯಾಮು ತುಂಬಾದಿಲ್ಲ ಬಿಡ್ರಿ ಎಂದವರೇ ಹೆಚ್ಚು.

ಆಮೇಲೆ ಎರಡು ಸಂಗತಿ ನಡೆದವು. 2019ರಿಂದ ಭದ್ರಾ ನದಿಯ ನೀರನ್ನು ಪಂಪಿನಿಂದ ಎತ್ತಿ, ಅಜ್ಜಂಪುರದ ಹತ್ತಿರದ ಸುರಂಗದಲ್ಲಿ ಹಾಯಿಸಿ, ವೇದಾವತಿಗೆ ಬಿಡಲು ಶುರು ಮಾಡಿದರು. ಇದು ಭದ್ರಾ ಮೇಲ್ದಂಡೆ ಯೋಜನೆ. ಅದರ ಜೊತೆಗೆ ಒಳ್ಳೆಯ ಮಳೆಯೂ ಬಂತು. 2022ರ ಸೆಪ್ಟೆಂಬರಿನಲ್ಲಿ ಕೋಡಿ ಬಿತ್ತು. ಜನ ಜಾತ್ರೆಗೆ ಬಂದಂತೆ ಬಂದರು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು.

ಸಂತೋಷದ ಜೊತೆಗೆ ಕಷ್ಟವೂ ಬಂತು. 2022ರಲ್ಲಿ ಹಿನ್ನೀರು ನಮ್ಮ ತಾಲ್ಲೂಕಿನ ಊರುಗಳಲ್ಲಿ ತೋಟಕ್ಕೆ, ಹೊಲಕ್ಕೆ, ರಸ್ತೆಗೆ ನುಗ್ಗಿತು. ಕೆಳಗೆ ಹಿರಿಯೂರು ಕಡೆ ನದಿ ದಂಡೆಯ ತಗ್ಗು ಜಾಗಗಳಿಗೆ ನೀರು ಹೊಕ್ಕಿತು. ನೀರು ಇಷ್ಟು ಎತ್ತರ ನಿಲ್ಲಿಸಬೇಡಿ ಎಂಬ ಕೂಗು ನಮ್ಮ ಕಡೆ ಎದ್ದಿತು. ನೀರು ಕಡಿಮೆ ಮಾಡಿದರೆ ನಮ್ಮ ಬೆಳೆಗೆ ಏನು ಗತಿ ಎಂಬ ಮಾತು ಆ ಕಡೆಯಿಂದ ಬಂತು. ಎರಡೂ ಕಡೆಯವರ ನೋವು ನಿಜವೇ.

ಕಟ್ಟೆ ಇದ್ದರೂ ನೆರೆ ಏಕೆ?

ಮಳೆಗೆ ಸೂರಿನ ಕೆಳಗೆ ಒಂದು ತೊಟ್ಟಿ ಇಟ್ಟಿದ್ದೇವೆ ಅನ್ನಿ. ತೊಟ್ಟಿ ಖಾಲಿ ಇದ್ದರೆ ಸುರಿದ ನೀರೆಲ್ಲ ಅದರಲ್ಲೇ ನಿಲ್ಲುತ್ತದೆ. ಅಂಗಳ ಒಣಗಿರುತ್ತದೆ. ತೊಟ್ಟಿ ಮೊದಲೇ ತುಂಬಿದ್ದರೆ? ಆಮೇಲೆ ಬಿದ್ದ ನೀರೆಲ್ಲ ಅಂಗಳಕ್ಕೆ.

ಕಟ್ಟೆಯೂ ಹಾಗೆಯೇ. ಅದರಲ್ಲಿ ಖಾಲಿ ಜಾಗ ಇದ್ದರೆ ನೆರೆ ನೀರನ್ನು ನುಂಗಿ, ಕೆಳಗಿನ ಊರುಗಳನ್ನು ಕಾಯುತ್ತದೆ. ತುಂಬಿದ ಮೇಲೆ ಕಾಯುವ ಶಕ್ತಿ ಬಹಳ ಕಡಿಮೆ. ಬರಕ್ಕೆಂದು ನೀರು ತುಂಬಿಸಿಡಬೇಕು. ನೆರೆಗೆಂದು ಜಾಗ ಖಾಲಿ ಇಡಬೇಕು. ಎರಡೂ ಒಂದೇ ಕಟ್ಟೆಯಲ್ಲಿ ಆಗಬೇಕು. ಅದಕ್ಕೇ ನೀರಿನ ಮಟ್ಟ ಎಷ್ಟಿದೆ, ಮೇಲಿಂದ ಎಷ್ಟು ಬರುತ್ತಿದೆ ಎಂಬ ಲೆಕ್ಕ ದಿನಾ ನೋಡಬೇಕು. ತೂಬಿನಿಂದ ನೀರು ಬಿಡುವುದಾದರೆ ಮೊದಲೇ ಸಾರಬೇಕು.

ಕಟ್ಟೆಗೆ ವಯಸ್ಸಾಗುವುದು ಹೇಗೆ?

ಮನುಷ್ಯರಿಗೆ ವಯಸ್ಸಾದರೆ ಮಂಡಿ ನೋವು, ಕಣ್ಣು ಮಂಜು. ಕಲ್ಲಿನ ಕಟ್ಟೆಗೆ ವಯಸ್ಸಾದರೆ ಏನೇನು ಆಗಬಹುದು?

ಒಂದು: ಗಾರೆ ಕರಗುವುದು. ನೀರು ಕಲ್ಲಿನ ಸಂದಿನಲ್ಲಿ ಜಿನುಗುತ್ತಾ ಸುಣ್ಣವನ್ನು ಸ್ವಲ್ಪ ಸ್ವಲ್ಪವೇ ಹೊತ್ತು ಬರುತ್ತದೆ. ಗೋಡೆಯ ಹೊರಗೆ ಬಿಳಿ ಪಟ್ಟೆ ಕಾಣುತ್ತದೆ. ನೀರು ಕಾಯಿಸುವ ಹಂಡೆಯೊಳಗೆ ಬಿಳಿ ಕಟ್ಟುತ್ತದಲ್ಲ, ಹಾಗೆ.

ಎರಡು: ಗಿಡ ಬೇರು ಬಿಡುವುದು. ಹಕ್ಕಿ ಉದುರಿಸಿದ ಆಲ, ಅರಳಿಯ ಬೀಜ ಸಂದಿನಲ್ಲಿ ಮೊಳೆಯುತ್ತದೆ. ಬೇರು ದಪ್ಪವಾದಂತೆ ಕಲ್ಲನ್ನೇ ಸರಿಸುತ್ತದೆ.

ಮೂರು: ಬುಡದಲ್ಲಿ ನೀರು ಸೇರುವುದು. ಖಾಲಿ ಚೊಂಬನ್ನು ಬಕೆಟ್ ನೀರಿನಲ್ಲಿ ಅದುಮಿ ನೋಡಿ. ನೀರು ಅದನ್ನು ಮೇಲಕ್ಕೆ ಎತ್ತುತ್ತದೆ. ಕಟ್ಟೆಯ ಬುಡಕ್ಕೆ ನುಗ್ಗಿದ ನೀರೂ ಹೀಗೆಯೇ ಮೇಲಕ್ಕೆ ಒತ್ತುತ್ತದೆ. ಭಾರದಿಂದ ನಿಂತ ಗೋಡೆಗೆ ಇದು ಒಳ್ಳೆಯದಲ್ಲ.

ನಾಲ್ಕು: ಕಬ್ಬಿಣ ತುಕ್ಕು ಹಿಡಿಯುವುದು. ತೂಬಿನ ಬಾಗಿಲು, ಸರಪಳಿ, ತಿರುಪು ಸವೆಯುತ್ತವೆ. ಎತ್ತಬೇಕಾದಾಗ ಏಳುವುದಿಲ್ಲ, ಇಳಿಸಬೇಕಾದಾಗ ಇಳಿಯುವುದಿಲ್ಲ.

ಐದು: ಹೂಳು ತುಂಬುವುದು. ಮಳೆ ನೀರು ಹೊಲದ ಮಣ್ಣನ್ನು ಹೊತ್ತು ತರುತ್ತದೆ. ಹೂಳು ಬಂದಷ್ಟೂ ನೀರಿಗೆ ಜಾಗ ಕಡಿಮೆ. ಮೇಲಿನ ಹೊಲಗಳಿಗೆ ಬದು ಹಾಕಿದರೆ ಹೂಳು ಕಡಿಮೆಯಾಗುತ್ತದೆ. ಇದು ನಮ್ಮ ಕೈಯಲ್ಲೂ ಇರುವ ಕೆಲಸ.

ಇದನ್ನು ಓದಿ ಹೆದರಬೇಡಿ. ವಯಸ್ಸಾಗಿದೆ ಅಂದರೆ ಬೀಳುತ್ತದೆ ಅಂತಲ್ಲ. 2022ರಲ್ಲೂ 2025ರಲ್ಲೂ ಮಾರಿ ಕಣಿವೆ ತುಂಬಿದ ನೀರನ್ನು ಹೊತ್ತು ನಿಂತಿತು. ಆದರೆ ಹಿಂದಿನವರು ಗಟ್ಟಿಯಾಗಿ ಕಟ್ಟಿದ್ದಾರೆ, ನೋಡುವುದೇ ಬೇಡ ಎಂದು ಕೂರುವಂತಿಲ್ಲ.

ನೋಡದಿದ್ದರೆ ಏನಾಗುತ್ತದೆ?

ವೇದಾವತಿ ಕಟ್ಟೆ ದಾಟಿ, ಹಿರಿಯೂರು ದಾಟಿ, ಬಳ್ಳಾರಿಯ ಕಡೆ ಹಗರಿ ಎಂಬ ಹೆಸರು ಪಡೆದು, ಕೊನೆಗೆ ತುಂಗಭದ್ರೆಯನ್ನು ಸೇರುತ್ತದೆ. ಆ ತುಂಗಭದ್ರೆಗೆ ಹೊಸಪೇಟೆಯ ಹತ್ತಿರ ಒಂದು ದೊಡ್ಡ ಅಣೆಕಟ್ಟು ಇದೆ. 1953ರಲ್ಲಿ ಮುಗಿದದ್ದು. ಅದಕ್ಕೆ 33 ಗೇಟುಗಳು.

2024ರ ಆಗಸ್ಟ್ 10ರ ರಾತ್ರಿ ಅದರ 19ನೇ ಗೇಟಿನ ಸರಪಳಿ ತುಂಡಾಯಿತು. ಗೇಟು ಕೊಚ್ಚಿ ಹೋಯಿತು. ಡ್ಯಾಮು ಆಗ ತುಂಬಿತ್ತು. ಹೊರೆ ಇಳಿಸಲು ಬೇರೆ ಗೇಟುಗಳನ್ನೂ ತೆರೆಯಬೇಕಾಯಿತು. ಬೆಳೆಗೆಂದು ಕೂಡಿಟ್ಟ ನೀರು ನದಿಗೆ ಹೋಯಿತು. ರೈತರು ತಲೆ ಮೇಲೆ ಕೈ ಹೊತ್ತರು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲಸಗಾರರು ಜೀವದ ಹಂಗು ತೊರೆದು ದುಡಿದರು. ಹರಿಯುವ ನೀರಿನಲ್ಲೇ ಉಕ್ಕಿನ ತುಂಡುಗಳನ್ನು ಒಂದರ ಮೇಲೊಂದು ಇಳಿಸಿದರು. ಸುಮಾರು ಒಂದು ವಾರದಲ್ಲಿ ನೀರು ನಿಂತಿತು.

ಒಂದು ಸರಪಳಿ ಎಷ್ಟು ದೊಡ್ಡ ಮಾತು ನೋಡಿ.

ಗುಜರಾತಿನ ಮೊರ್ಬಿ ಊರಿನ ಕಥೆ ಇನ್ನೂ ಕಠೋರ. 1979ರ ಆಗಸ್ಟ್ 11ರಂದು ಅಲ್ಲಿ ಮಚ್ಛು ನದಿಯ ಅಣೆಕಟ್ಟು ಒಡೆಯಿತು. ಅದು ಹಳೆಯದೇನೂ ಅಲ್ಲ. ಆದರೆ ಹೊರಗೆ ಬಿಡಲು ಆಗುವುದಕ್ಕಿಂತ ಎಷ್ಟೋ ಹೆಚ್ಚು ನೀರು ಬಂತು. ನೀರು ಮಣ್ಣಿನ ಏರಿಯ ಮೇಲೆ ಹತ್ತಿ ಹರಿಯಿತು, ಏರಿ ಕೊಚ್ಚಿತು. ಸಾವಿರಾರು ಜನ ಸತ್ತರು.

ಹಳೆಯ ಕಟ್ಟೆಗೆ ಹೊಸ ಬಲ

ಹಳೆಯ ಕಟ್ಟೆಯನ್ನು ಒಡೆದು ಹೊಸದು ಕಟ್ಟಬೇಕಿಲ್ಲ. ಅದನ್ನು ಬಲಪಡಿಸುವ ದಾರಿಗಳಿವೆ.

ಕಲ್ಲಿನ ಸಂದುಗಳನ್ನು ಕೆರೆದು, ತೊಳೆದು, ಹೊಸ ಗಾರೆ ತುಂಬುತ್ತಾರೆ. ಗೋಡೆಯಲ್ಲಿ ಸಣ್ಣ ತೂತು ಕೊರೆದು, ತೆಳ್ಳಗೆ ಕಲಸಿದ ಸಿಮೆಂಟನ್ನು ಒತ್ತಡದಿಂದ ಒಳಗೆ ತೂರಿಸುತ್ತಾರೆ. ಒಳಗಿನ ಬಿರುಕು ಮುಚ್ಚುತ್ತದೆ. ಇದಕ್ಕೆ ಗ್ರೌಟಿಂಗ್ ಎನ್ನುತ್ತಾರೆ. ಬುಡದಲ್ಲಿ ಸೇರಿದ ನೀರು ಹೊರಗೆ ಬರಲು ಬೇರೆ ತೂತು ಬಿಡುತ್ತಾರೆ. ತುಕ್ಕು ಹಿಡಿದ ಗೇಟು ತೆಗೆದು ಹೊಸದು ಕೂರಿಸುತ್ತಾರೆ. ಕನ್ನಂಬಾಡಿಯಲ್ಲಿ ಹಳೆಯ ಗೇಟುಗಳನ್ನು ಬದಲಿಸುವ ಕೆಲಸ ನಡೆದಿದೆ.

ಕೇರಳದಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟು ಇದೆ. ಅದು 1895ರಲ್ಲಿ ಮುಗಿಯಿತು. ನಮ್ಮ ಮಾರಿ ಕಣಿವೆಯ ಓರಗೆಯದು. ಅದೂ ಸುಣ್ಣ ಸುರ್ಕಿಯದೇ. 1979ರ ನಂತರ ಅದಕ್ಕೆ ಮೂರು ಕೆಲಸ ಮಾಡಿದರು. ತಲೆಯ ಮೇಲೆ ಕಾಂಕ್ರೀಟಿನ ಭಾರ ಹೇರಿದರು. ಮೇಲಿಂದ ಬಂಡೆಯ ತನಕ ತೂತು ಕೊರೆದು ಉಕ್ಕಿನ ಹಗ್ಗದಿಂದ ಬಿಗಿದರು. ಹಿಂದುಗಡೆ ಕಾಂಕ್ರೀಟಿನ ಒತ್ತುಗೋಡೆ ಕೊಟ್ಟರು. ಅದರ ಭದ್ರತೆಯ ಬಗ್ಗೆ ಕೇರಳ ಮತ್ತು ತಮಿಳುನಾಡಿನ ನಡುವೆ ವಾದ ಬಹಳ ನಡೆದಿದೆ. ಕೆಳಗಿನವರ ಭಯ, ನೀರು ಬಳಸುವವರ ಬೇಡಿಕೆ, ಅಲ್ಲೂ ಅದೇ ಕಥೆ.

ಕಾನೂನು ಏನು ಹೇಳುತ್ತದೆ?

ನಮ್ಮ ದೇಶದಲ್ಲಿ ನೂರು ವರ್ಷ ದಾಟಿದ ದೊಡ್ಡ ಅಣೆಕಟ್ಟುಗಳು 200ಕ್ಕೂ ಹೆಚ್ಚು. 2021ರಲ್ಲಿ ಅಣೆಕಟ್ಟು ಸುರಕ್ಷತಾ ಕಾಯ್ದೆ ಬಂತು. 15 ಮೀಟರಿಗಿಂತ ಎತ್ತರದ ಎಲ್ಲ ಅಣೆಕಟ್ಟುಗಳಿಗೂ ಇದು ಅನ್ವಯಿಸುತ್ತದೆ. ಮಾರಿ ಕಣಿವೆ ಸುಮಾರು 43 ಮೀಟರ್. ಹಾಗಾಗಿ ಇದಕ್ಕೂ ಅನ್ವಯ.

ಕಾಯ್ದೆಯ ಮುಖ್ಯ ಮಾತುಗಳು ಇವು:

ಮಳೆಗಾಲದ ಮುಂಚೆ ಒಮ್ಮೆ, ಮಳೆಗಾಲದ ನಂತರ ಒಮ್ಮೆ ಕಟ್ಟೆಯನ್ನು ಪರೀಕ್ಷೆ ಮಾಡಬೇಕು.

ನೆರೆ ಬಂದಾಗ, ಭೂಕಂಪ ಆದಾಗ ಮತ್ತೆ ನೋಡಬೇಕು.

ದುರಸ್ತಿಗೆ, ನಿರ್ವಹಣೆಗೆ ಹಣ ತೆಗೆದಿಡಬೇಕು.

ಅಪಾಯ ಬಂದರೆ ಯಾವ ಊರಿಗೆ ನೀರು ಬರುತ್ತದೆ, ಯಾರು ಯಾರಿಗೆ ಹೇಳಬೇಕು, ಜನ ಎಲ್ಲಿಗೆ ಹೋಗಬೇಕು ಎಂಬ ಯೋಜನೆಯನ್ನು ಮೊದಲೇ ಬರೆದಿಡಬೇಕು.

ಈ ಕೊನೆಯ ಮಾತು ನಮಗೆ ಬಹಳ ಮುಖ್ಯ. ಯೋಜನೆ ಕಪಾಟಿನಲ್ಲಿದ್ದರೆ ಸಾಲದು. ಮನೆ ಮನೆಗೂ ಗೊತ್ತಿರಬೇಕು. ನೀರು ನುಗ್ಗಿದಾಗ ಮಕ್ಕಳನ್ನು ಎತ್ತಿಕೊಳ್ಳುವವರು ನಾವು. ಮುದುಕರನ್ನು ಕೈಹಿಡಿದು ನಡೆಸುವವರು ನಾವು. ದನದ ಹಗ್ಗ ಬಿಚ್ಚುವವರೂ ನಾವು. ಹೇಳುವುದಾದರೆ ನಮಗೆ ಮೊದಲು ಹೇಳಬೇಕು.

ನಾವು ಏನು ಮಾಡಬಹುದು?

ಕಟ್ಟೆಯ ರಿಪೇರಿ ಎಂಜಿನಿಯರುಗಳ ಕೆಲಸ. ಕೇಳುವುದು, ನೋಡುವುದು, ತಿಳಿಸುವುದು ನಮ್ಮ ಕೆಲಸ.

ಮಳೆಗಾಲದಲ್ಲಿ ಪೇಪರಿನಲ್ಲಿ ಮಾರಿ ಕಣಿವೆಯ ನೀರಿನ ಮಟ್ಟ ಓದಿ. 130 ಅಡಿಗೆ ಇನ್ನೆಷ್ಟು ಬಾಕಿ ಎಂದು ಕಳೆದು ನೋಡಿ.

ಗ್ರಾಮಸಭೆಯಲ್ಲಿ ಕೇಳಿ. ನಮ್ಮ ಪಂಚಾಯ್ತಿಯ ಯಾವ ಹೊಲಕ್ಕೆ, ಯಾವ ರಸ್ತೆಗೆ ಹಿನ್ನೀರು ಬರುತ್ತದೆ? ನೀರು ಏರುವ ಸುದ್ದಿ ಯಾರು, ಹೇಗೆ ಸಾರುತ್ತಾರೆ? ತೋಟ ಮುಳುಗಿದವರು ಪರಿಹಾರಕ್ಕೆ ಎಲ್ಲಿ ಅರ್ಜಿ ಕೊಡಬೇಕು?

ಅರ್ಜಿ ಕೊಟ್ಟರೆ ತಾರೀಖು ಹಾಕಿದ ಸ್ವೀಕೃತಿ ಪಡೆಯಿರಿ. ಹೆಬ್ಬೆಟ್ಟು ಒತ್ತುವ ಕಾಲ ಹೋಯಿತು. ಓದಿ ನೋಡಿಯೇ ಸಹಿ ಹಾಕಿ.

ಊರ ಕೆರೆಯ ಏರಿಯ ಮೇಲೂ ಕಣ್ಣಿರಲಿ. ಮಣ್ಣಿನ ಏರಿಯಿಂದ ತಿಳಿ ನೀರು ಸ್ವಲ್ಪ ಜಿನುಗಿದರೂ ಹೇಳಿ. ಕೆಂಪು, ಕದಡಿದ ನೀರು ಬಂದರಂತೂ ತಡಮಾಡಬೇಡಿ. ಏರಿಯ ಒಳಗಿನ ಮಣ್ಣೇ ಹೊರಗೆ ಬರುತ್ತಿದೆ ಎಂದು ಅರ್ಥ. ಕೂಡಲೇ ಪಂಚಾಯ್ತಿಗೆ ತಿಳಿಸಿ.

ಮನೆಯ ಮಾಡನ್ನು ಮಳೆಗಾಲಕ್ಕೆ ಮುಂಚೆ ಸರಿ ಮಾಡುತ್ತೇವೆ. ಹೆಂಚು ಒಡೆದಿದ್ದರೆ ಬದಲಿಸುತ್ತೇವೆ. ಸೋರಿದ ಮೇಲೆ ಅಲ್ಲ, ಸೋರುವ ಮುಂಚೆ. ಮಾರಿ ಕಣಿವೆಯೂ ನಮ್ಮೆಲ್ಲರ ಮನೆಯ ಮಾಡು ಇದ್ದಂತೆ. ವರ್ಷವರ್ಷವೂ ಅದನ್ನು ನೋಡಬೇಕು. ನೋಡಿದರೇ ಇಲ್ಲವೇ ಎಂದು ಕೇಳುವ ಹಕ್ಕು ಮೇಲಿನವರಿಗೂ ಇದೆ, ಕೆಳಗಿನವರಿಗೂ ಇದೆ.

ಕೂಡಿ ಮಾತಾಡೋಣ

1. ಮಾರಿ ಕಣಿವೆಯ ಕೆಲಸ ಶುರುವಾದ ವರ್ಷ ಯಾವುದು? ಮುಗಿದ ವರ್ಷ ಯಾವುದು? ಎಷ್ಟು ವರ್ಷ ಹಿಡಿಯಿತು?
2. ಕಟ್ಟೆಯ ಬುಡ ದಪ್ಪ ಇರುವುದು ಏಕೆ?
3. ತುಂಬಿದ ಕಟ್ಟೆ ನೆರೆಯನ್ನು ತಡೆಯಲಾರದು. ಏಕೆ?
4. ನಿಮ್ಮ ಊರಿನ ಕೆರೆಯ ಏರಿ, ತೂಬು, ಕೋಡಿ ಹೇಗಿವೆ? ಹೋಗಿ ನೋಡಿ ಬಂದು ನಾಲ್ಕು ಸಾಲು ಬರೆಯಿರಿ.

ಪದಗಳ ಅರ್ಥ

ಹಿನ್ನೀರು – ಕಟ್ಟೆಯ ಹಿಂದೆ ನಿಂತ ನೀರು
ಕೋಡಿ – ಹೆಚ್ಚಾದ ನೀರು ಹರಿದು ಹೋಗುವ ದಾರಿ
ತೂಬು – ಬೇಕಾದಷ್ಟು ನೀರು ಬಿಡುವ ಕಿಂಡಿ
ಸುರ್ಕಿ – ಸುಟ್ಟ ಇಟ್ಟಿಗೆಯ ಪುಡಿ
ಹೂಳು – ನೀರಿನ ಜೊತೆ ಬಂದು ತಳದಲ್ಲಿ ಕೂತ ಮಣ್ಣು
ಸ್ವೀಕೃತಿ – ಅರ್ಜಿ ತಲುಪಿತು ಎಂದು ಕೊಡುವ ಚೀಟಿ